ಬಿಸಿನೀರ ಮೋರಿಯ ಕುಚ್ಚು ಮೀನು

ಶಿವರಾತ್ರಿ ಕಳೆದರೆ ಚಳಿ ‘ಶಿವಶಿವಾ’ ಎಂದು ಓಡಿಹೋಗುತ್ತದೆ ಎನ್ನುವ ಮಾತಿದೆ. ಅರವತ್ತೊಂದನೇ ಇಸವಿಯಲ್ಲಿ ಅದು ಓಡಿಯೇನೋ ಹೋಯಿತು, ಎಂಟು ದಿನ ಬಿಟ್ಟು ಏನೋ ಮರೆತುಹೋದ ನೆಂಟನಂತೆ ವಾಪಸ್ಸೂ ಬಂತು. ಭದ್ರಾವತಿಯ ಹಳೇನಗರದಲ್ಲಿ ಜನ ಮಡಿಸಿಟ್ಟ ಕಂಬಳಿಗಳನ್ನು ಮತ್ತೆ ಹೊರಗೆಳೆದರು. ನಾನು ಆಗ ಹೊಳೆದಂಡೆಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದೆ. ಆ ಚಳಿಯನ್ನು ಊರೆಲ್ಲ ಬೈದುಕೊಂಡಿತು. ಅದಕ್ಕೆ ನಿಜವಾಗಿ ಹೆದರಿದವನು ಮಾತ್ರ ಒಬ್ಬನೇ, ನಮ್ಮ ಶೇಷಪ್ಪ.

ಶೇಷಪ್ಪ ಮಿಲ್ಲಿನಲ್ಲಿ ಕುಸುಬಲಕ್ಕಿಗೆ ಭತ್ತ ಬೇಯಿಸುವವನು. ಐವತ್ತರ ಹತ್ತಿರದ ಒಣಕಲು ಮನುಷ್ಯ. ಕೆಲಸಕ್ಕೆ ಬರುವ ಮೊದಲು ಒಂದು ಗಳಿಗೆ ಭದ್ರಾ ಹೊಳೆಯಲ್ಲಿ ಗಾಳ ಹಾಕದಿದ್ದರೆ ಅವನಿಗೆ ಬೆಳಗೇ ಆಗುತ್ತಿರಲಿಲ್ಲ. ನಾನು ಲಿಂಗವಂತರ ಮನೆಯವನು. ಅವನ ಮೀನಿನ ಕಥೆ ಶುರುವಾದರೆ ಮೂಗಿಗೆ ಟವೆಲ್ಲು ಅಡ್ಡ ಹಿಡಿಯುತ್ತಿದ್ದೆ. ಕಿವಿಯನ್ನೇನೂ ಮುಚ್ಚುತ್ತಿರಲಿಲ್ಲ.

ಅವನ ಒಬ್ಬಳೇ ಮಗಳು ಹಾಲಮ್ಮನನ್ನು ಆಯನೂರಿಗೆ ಕೊಟ್ಟಿತ್ತು. ಅವಳು ಐದು ತಿಂಗಳ ಬಸುರಿಯಾಗಿ ತವರಿಗೆ ಬಂದಿದ್ದಳು. ಹಿಂದಿನ ಎರಡು ಬಸಿರೂ ಐದರಲ್ಲೇ ಇಳಿದುಹೋಗಿದ್ದವು. ಈ ಸಲ ಹೊಟ್ಟೆಯಲ್ಲಿ ಗಂಜಿ ಕೂಡ ನಿಲ್ಲುತ್ತಿರಲಿಲ್ಲ. ಶಿವಮೊಗ್ಗದ ಡಾಕ್ಟರಮ್ಮ, “ಏನಾದರೂ ತಿನ್ನಿಸಿ, ಈ ತಿಂಗಳು ದಾಟಲಿ,” ಎಂದಿದ್ದರು. ಆ ಹುಡುಗಿ ಬಾಯಿಬಿಟ್ಟು ಕೇಳಿದ್ದು ಒಂದೇ, ಕುಚ್ಚು ಮೀನಿನ ಸಾರು. ಬಸುರಿಯ ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತದೆ ಎನ್ನುತ್ತಾರೆ. ಶೇಷಪ್ಪನಿಗೆ ಕಿವಿಯ ಚಿಂತೆಯಿರಲಿಲ್ಲ. ಸೋರುವುದಕ್ಕಾದರೂ ಕಿವಿಯಿರುವ ಒಂದು ಮಗು ಹುಟ್ಟಿದರೆ ಅವನಿಗೆ ಸಾಕಾಗಿತ್ತು.

ಆದರೆ ಚಳಿ. “ತಣ್ಣೀರಿಗೆ ಕುಚ್ಚು ಕೆಸರು ಸೇರಿ ಕೂತ್ಬಿಡ್ತದೆ ರೈಟ್ರೇ. ಮೂಗಿನ ಮುಂದೆ ಕಪ್ಪೆಮರಿ ಕುಣಿಸಿದ್ರೂ ಬಾಯಿ ತೆಗೆಯಲ್ಲ,” ಎಂದ. ನಾಲ್ಕು ದಿನ ಕತ್ತಲಿರುವಾಗಲೇ ಎದ್ದು ಸೊಂಟದ ಮಟ್ಟ ನೀರಿನಲ್ಲಿ ನಿಂತು ಬರಿಗೈಯಲ್ಲಿ ಬಂದ. ಪೇಟೆಯಲ್ಲೂ ಒಣಮೀನು ಬಿಟ್ಟರೆ ಬೇರೆ ಇರಲಿಲ್ಲ. ನಾಲ್ಕನೇ ದಿನ ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಭತ್ತದ ತೊಟ್ಟಿಗೆ ಮೈ ಒತ್ತಿ ಕೂತಿದ್ದ. ಅವನ ಮುಖ ನೋಡಲಾರದೆ ನನಗೆ ಸಿಟ್ಟು ಬಂತು. ಮರುಕ ಬಂದಾಗಲೂ ನನಗೆ ಸಿಟ್ಟೇ ಬರುವುದು.

“ಅಲ್ಲೋ ಮಾರಾಯ, ಚಳಿಗೆ ನೀನೇ ಬಂದು ಬಿಸಿ ತೊಟ್ಟಿ ತಬ್ಕೊಂಡು ಕೂತಿದೀಯ. ಮೀನಿಗೆ ಅಷ್ಟೂ ಬುದ್ಧಿ ಇಲ್ವೇನೋ?”

ನಾನು ಹೇಳಿದ್ದು ತಮಾಷೆಗೆ. ಅವನು ನನ್ನನ್ನೇ ದಿಟ್ಟಿಸಿ ನೋಡಿ ಎದ್ದು ನಡೆದ. ತೊಟ್ಟಿಗಳಿಂದ ಬಿಡುವ ಬಿಸಿನೀರು ಮಿಲ್ಲಿನ ಹಿಂದಿನ ಮೋರಿಯಲ್ಲಿ ಹರಿದು, ಆರುತ್ತಾ ಆರುತ್ತಾ ಹೊಳೆದಂಡೆಯ ಜೊಂಡಿನ ಗುಂಡಿಯೊಂದಕ್ಕೆ ಸೇರುತ್ತಿತ್ತು. ಆ ನೀರನ್ನು ದಿನಾ ಬಿಡುತ್ತಿದ್ದವನೇ ಶೇಷಪ್ಪ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಅವನ ಪಾಡು.

ಅರ್ಧ ಗಂಟೆಗೆ ಮೊಳದುದ್ದದ ಕುಚ್ಚು ಮೀನು ಹಿಡಿದು ಬಂದ. ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ.

“ಹಸಿವಿಗೆ ಕಚ್ಚಿದ್ದಲ್ಲ ರೈಟ್ರೇ. ಮರಿ ಕಾಯ್ತಾ ಇತ್ತು. ಗಾಳ ಮರಿಗಳ ಮೇಲೆ ಬಿತ್ತು ಅಂತ ಕಚ್ಚಿದ್ದು. ಎಳೆದ ಮೇಲೆ ನೋಡಿದೆ, ಕೆಂಪು ಕೆಂಪು ಮರಿ, ಒಂದು ಬೊಗಸೆ.”

“ಬಿಟ್ಬಿಡೋದಲ್ವೇನೋ?”

“ಬಿಡೋಣ ಅಂತ ನೀರಲ್ಲಿ ಹಿಡಿದೆ. ಕೈ ಸಡಿಲ ಆಗ್ಲಿಲ್ಲ. ಹಾಲಮ್ಮನ ಮುಖ ಕಣ್ಣಿಗೆ ಬಂತು. ಮರಿ ಕಾಯೋಕೆ ಗಂಡು ಮೀನೂ ಜೊತೇಲಿರ್ತದೆ, ಸ್ವಲ್ಪ ಹೊತ್ತು ಕಾದೆ, ಅದು ಕಾಣ್ಲಿಲ್ಲ.”

ಮರಿಯಿರುವ ಮೀನಿಗೆ ಗಾಳ ಹಾಕಬಾರದು ಎಂದು ಅವನಿಗೆ ಅವನಪ್ಪ ಹೇಳಿಕೊಟ್ಟಿದ್ದನಂತೆ. ಅದರಲ್ಲೂ ಮನೆಯಲ್ಲಿ ಬಸುರಿಯಿರುವಾಗ.

ಹಾಲಮ್ಮ ಸಾರು ಉಂಡಳು. ಉಂಡದ್ದು ನಿಂತಿತು, ಮಾರನೆಯ ದಿನದಿಂದ ಗಂಜಿಯೂ ನಿಂತಿತು. ಶೇಷಪ್ಪನಿಗೆ ಮಾತ್ರ ಊಟ ಸೇರದಾಯಿತು. ಬಿಡುವು ಸಿಕ್ಕಾಗಲೆಲ್ಲ ಬಿದಿರುಕೋಲು ಹಿಡಿದು ಗುಂಡಿಯ ಹತ್ತಿರ ನಿಂತು ಬೆಳ್ಳಕ್ಕಿ ಓಡಿಸತೊಡಗಿದ. ಮರಿ ಉಳಿದರೆ ಮಗು ಉಳಿಯುತ್ತದೆ ಎಂದು ತಲೆಯೊಳಗೆ ಗಂಟು ಹಾಕಿಕೊಂಡಿದ್ದ. ಬಾಯಿಬಿಟ್ಟು ಹೇಳಲಿಲ್ಲ, ನನಗೆ ತಿಳಿಯಿತು.

“ತಲೆ ಕೆಟ್ಟಿದೆಯೇನೋ ನಿಂಗೆ?” ಎಂದು ಗದರಿದೆ.

“ಅದರ ಕೆಲಸ ನಾನು ತಪ್ಪಿಸಿದೀನಿ. ಯಾರಾದ್ರೂ ಮಾಡ್ಬೇಕಲ್ಲ ರೈಟ್ರೇ,” ಎಂದ.

ಹತ್ತನೇ ದಿನ ಶೇಷಪ್ಪ ಕೆಲಸಕ್ಕೆ ಬರಲಿಲ್ಲ. ಅವನ ಪಕ್ಕದ ಮನೆಯ ಹಮಾಲಿ ಕಲ್ಲಪ್ಪ ಸುದ್ದಿ ತಂದ. ಬೆಳಗಿನ ಜಾವ ಹಾಲಮ್ಮನಿಗೆ ಹೊಟ್ಟೆನೋವು ಶುರುವಾಗಿ, ಶೇಷಪ್ಪ, ಅವನ ಹೆಂಡತಿ ಇಬ್ಬರೂ ಅವಳನ್ನು ಮೊದಲ ಬಸ್ಸಿಗೆ ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದಿದ್ದರು.

ನಾನು ಬರೆಯಲು ಕೂತೆ. ಅಕ್ಷರ ಮೂಡಲಿಲ್ಲ. ಬಿಸಿ ತೊಟ್ಟಿಯ ಮಾತು ಆಡಿದ್ದು ನಾನಲ್ಲವೇ? ಕಿಟಕಿಯಲ್ಲಿ ನೋಡಿದರೆ ಗುಂಡಿಯ ಅಂಚಿನಲ್ಲಿ ಮೂರು ಬೆಳ್ಳಕ್ಕಿ. ಮೂಲೆಯ ಛತ್ರಿ ತೆಗೆದುಕೊಂಡು ಓಡಿದೆ.

“ರೈಟ್ರು ಮೀನು ಹಿಡಿಯೋಕೆ ಹೊರಟ್ರು!” ಎಂದು ಹಮಾಲಿಗಳು ನಕ್ಕರು. ನಗಲಿ ಎಂದುಕೊಂಡೆ. ಹಕ್ಕಿಗಳು ಆಚೆ ದಡಕ್ಕೆ ಹೋಗಿ ಕೂತು, ನಾನು ಆಕಳಿಸುವುದನ್ನೇ ಕಾಯುತ್ತಿದ್ದವು. ತಣ್ಣನೆ ಗಾಳಿ ಎದೆಗೆ ಹೊಡೆಯುತ್ತಿತ್ತು. ಆಗಾಗ ಮರಿಗಳು ಉಸಿರಿಗೆಂದು ಮೇಲೆ ಬಂದರೆ ನೀರು ಅಷ್ಟಗಲ ಕೆಂಪಾಗಿ ಮಿಸುಕುತ್ತಿತ್ತು. ಬಾರದೆ ಸ್ವಲ್ಪ ತಡವಾದರೆ ಅಂಚಿಗೆ ಹೋಗಿ ಬಗ್ಗಿ ನೋಡುತ್ತಿದ್ದೆ. ಮಧ್ಯಾಹ್ನದ ಊಟಕ್ಕೂ ಹೋಗಲಿಲ್ಲ. ನಿಜ ಹೇಳಬೇಕೆಂದರೆ, ಲಿಂಗಪೂಜೆಗೂ ನಾನು ಅಷ್ಟು ಮನಸ್ಸಿಟ್ಟು ಕೂತವನಲ್ಲ.

ಹೊತ್ತು ಇಳಿಯುವಾಗ ಶೇಷಪ್ಪ ಬಂದ. ನೇರ ಗುಂಡಿಯ ಅಂಚಿಗೆ ಹೋಗಿ ಕುಕ್ಕರಗಾಲಲ್ಲಿ ಕೂತ. ಕೇಳಲು ನನಗೆ ಧೈರ್ಯವಾಗಲಿಲ್ಲ. ನೀರು ಮಿಸುಕಿತು.

“ಇದಾವೆ,” ಎಂದ.

“ಬೆಳಿಗ್ಗೆಯಿಂದ ಒಂದೂ ಹೋಗಿಲ್ಲ,” ಎಂದೆ, ಎಣಿಸಿದವನ ಹಾಗೆ. “ಅಲ್ಲಿ?”

“ನೋವು ನಿಂತಿದೆ. ನಾಲ್ಕು ದಿನ ಅಲ್ಲೇ ಮಲಗಿರ್ಬೇಕಂತೆ.” ಹೆಗಲ ಮೇಲಿನ ಟವೆಲ್ಲು ಕೈಗೆ ತೆಗೆದುಕೊಂಡ. “ಮಧ್ಯಾಹ್ನ ಒದೀತಂತೆ ರೈಟ್ರೇ. ದುರ್ಗಿ ಕೈಯಿಟ್ಟು ನೋಡಿದ್ಲು. ಹಿಂದಿನವು ಒದ್ದೇ ಇರ್ಲಿಲ್ಲ.”

ದುರ್ಗಿ ಎಂದರೆ ಅವನ ಹೆಂಡತಿ ದುರ್ಗಮ್ಮ. ಅಷ್ಟು ಹೇಳಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ನನಗೂ ಕಣ್ಣು ತುಂಬಿತು, ಆದ್ದರಿಂದ ಗದರಿದೆ.

“ಮತ್ತೆ ಇಲ್ಲಿ ಯಾಕೋ ಬಂದೆ? ವಾಪಸ್ಸು ಹೋಗು ಮಗಳ ಹತ್ರ. ಇಲ್ಲಿ ನಾಳೆ ನಾನು ನಿಲ್ತೀನಿ.”

ಅವನು ಎದ್ದು ಜೊಂಡಿನೊಳಗೆ ಬಚ್ಚಿಟ್ಟಿದ್ದ ಬಿದಿರುಕೋಲನ್ನು ತಂದು ನನ್ನ ಕೈಗೆ ಕೊಟ್ಟ.

“ಛತ್ರಿ ಬೇಡ ರೈಟ್ರೇ,” ಎಂದ. “ನೆರಳಿಗೆ ಮರಿ ಹೆದರ್ತವೆ.”