ಅಪ್ಪನ ಪ್ಯಾಂಟಿನ ಅಳತೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಗದಗಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಪ್ಯಾಂಟು, ಶರ್ಟಿನ ಬಟ್ಟೆ ತೋರಿಸುವುದು ನನ್ನ ಪಾಲಿಗೆ ಬಂದಿತ್ತು. ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಮೈಕಟ್ಟು ನೋಡಿ, ಯಾವ ಥಾನು ಕೆಳಗಿಳಿಸಬೇಕೆಂದು ತೀರ್ಮಾನಿಸಿಬಿಡುತ್ತಿದ್ದೆ. ಹೊಟ್ಟೆ ಬಂದ ಹೆಡ್‌ ಕ್ಲಾರ್ಕಿಗೆ ಗಾಢ ಬಣ್ಣ; ಗೀರು ಬೇಕೇ ಬೇಕೆಂದರೆ ಸಣ್ಣ ಉದ್ದಗೀರು. ಸಣಕಲು ಮೈಯ ಮಾಸ್ತರರಿಗೆ ಚೌಕಳಿ, ತುಸು ದಪ್ಪ ಬಟ್ಟೆ, ಎದೆಯ ಎರಡೂ ಕಡೆ ಕಿಸೆ. ಗಿಡ್ಡನೆಯವರು ಅಂಗಿ, ಪ್ಯಾಂಟು ಎರಡನ್ನೂ ಹತ್ತಿರದ ಬಣ್ಣದಲ್ಲೇ ಹೊಲಿಸಬೇಕು. ನಡುವೆ ಅಗಲ ಬೆಲ್ಟು ಬಿಗಿದರೆ ಇದ್ದ ಎತ್ತರವೂ ತುಂಡಾಗುತ್ತದೆ. ಆದರೆ ಕೇಳುವವರು ಯಾರು? ಮುಂಡರಗಿಯ ಕಚೇರಿಯೊಂದರಲ್ಲಿದ್ದ ನನ್ನ ಅಣ್ಣ ಗಿಡ್ಡ, ಮೈಯೂ ದುಂಡಗೆ. ಬೇಡವೆಂದರೂ ಬೆಲ್‌ ಬಾಟಮ್‌ ಹೊಲಿಸಿಕೊಂಡು, ವರ್ಷವಿಡೀ ಮುಂಡರಗಿಯ ಬೀದಿ ಗುಡಿಸಿದ. ನಾನು ಹೇಳುವುದನ್ನೇ ಬಿಟ್ಟೆ.

ಅಪ್ಪನ ಮೈಕಟ್ಟಿನ ಬಗ್ಗೆ ಮಾತ್ರ ನಾನು ಎಂದೂ ಯೋಚಿಸಿರಲಿಲ್ಲ. ಅವರು ಶಿರಹಟ್ಟಿಯ ಕಚೇರಿಯೊಂದರಲ್ಲಿ ಗುಮಾಸ್ತರು. ಲಕ್ಷ್ಮೇಶ್ವರದ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಧೋತರ, ಕೋಟು, ಕರಿ ಟೊಪ್ಪಿಗೆ. ಹೊಟ್ಟೆ ದೊಡ್ಡದು, ಕಾಲು ಕಡ್ಡಿ. ಧೋತರ ಎರಡನ್ನೂ ಮರ್ಯಾದೆಯಿಂದ ಮುಚ್ಚಿಕೊಂಡು ಬಂದಿತ್ತು. ಧೋತರಕ್ಕೆ ಅಳತೆಯ ಗೊಡವೆಯಿಲ್ಲ, ಯಾವ ಮೈಗೂ ಒಲ್ಲೆ ಎನ್ನುವುದಿಲ್ಲ.

ಹೀಗಿರುವಾಗ ಆ ಕಚೇರಿಗೆ ಹೊಸಬರೊಬ್ಬರು ಅಧಿಕಾರಿಯಾಗಿ ಬಂದರು. ವಯಸ್ಸು ಸಣ್ಣದು, ಹುರುಪು ದೊಡ್ಡದು. ಮೇಲಿನ ಸಾಹೇಬರು ತಪಾಸಣೆಗೆ ಬರುವ ದಿನ ಸಿಬ್ಬಂದಿಯೆಲ್ಲ ಪ್ಯಾಂಟಿನಲ್ಲೇ ಇರಬೇಕೆಂದು ಹೇಳಿದರು. ಆ ಭಾನುವಾರ ನಾನು ಊರಿಗೆ ಬಂದಾಗ ಅಪ್ಪ ನನ್ನ ಮುಖ ನೋಡದೆ ಕೇಳಿದರು:

“ಲೇ, ನಿಮ್ಮ ಅಂಗಡ್ಯಾಗ ನನ್ನಂಥಾ ಮುದುಕರಿಗೂ ಅರಿವಿ ಸಿಗತಾವೇನು? ರಿಟೈರ್‌ ಆಗೂದು ಹತ್ರ ಬಂದೈತಿ. ಇಷ್ಟು ವರ್ಷ ಯಾರೂ ನನ್ನ ನೋಡಿ ನಕ್ಕಿಲ್ಲ. ಈಗ ನಗಾಡೂಹಂಗ ಆಗಬಾರದು ನೋಡು.”

ಅಪ್ಪ ನನ್ನ ಹತ್ತಿರ ಏನನ್ನೂ ಕೇಳಿದವರಲ್ಲ.

ಗದಗಿಗೆ ಹೋದವನೇ ಅಂಗಡಿಯ ಥಾನುಗಳನ್ನೆಲ್ಲ ಬಿಚ್ಚಿ ನೋಡಿ, ಬೂದು ಬಣ್ಣದ ಟೆರಿಕಾಟ್‌ ಆರಿಸಿದೆ. ಮುಂದೆ ನೆರಿಗೆ ಇರಲಿ, ಪ್ಯಾಂಟು ಹೊಟ್ಟೆಯ ಮೇಲೆ ನಿಲ್ಲಲಿ, ಕಾಲು ನೇರವಾಗಿರಲಿ, ಬಿಗಿ ಬೇಡ, ಅಂಗಿ ಹೊರಗೆ ಬಿಡುವ ಬುಶ್‌ ಶರ್ಟು ಆಗಲಿ ಎಂದು ಬಟ್ಟೆಯ ಜೊತೆ ಮನೆಗೆ ಹೇಳಿ ಕಳಿಸಿದೆ. ಅಳತೆ ಕೊಡಲು ಅಪ್ಪ ಲಕ್ಷ್ಮೇಶ್ವರದ ಟೇಲರ್‌ ಹತ್ತಿರ ಒಬ್ಬರೇ ಹೋದರು.

ತಪಾಸಣೆಯ ಹಿಂದಿನ ಸಂಜೆ ರಜೆ ಹಾಕಿ, ಮುಳಗುಂದದ ಮೇಲೆ ಹೋಗುವ ಬಸ್ಸು ಹಿಡಿದು ಮನೆಗೆ ಬಂದೆ. ಅಪ್ಪ ಪಡಸಾಲೆಯ ನಡುವೆ ಪ್ಯಾಂಟನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತಿದ್ದರು. ಕೈ ಬಿಟ್ಟರೆ ಬೀಳುತ್ತಿತ್ತು. ಅದರೊಳಗೆ ನನಗೂ ಜಾಗವಿತ್ತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದ್ದಳು. ನಾನು ಟೇಲರ್‌ ಅಂಗಡಿಗೆ ಓಡಿದೆ. ಆತ ಬೀಗರ ಊರಿನ ಮದುವೆಗೆಂದು ಚೀಲ ಹಿಡಿದು ಬಾಗಿಲಿಗೆ ಕೀಲಿ ಹಾಕುತ್ತಿದ್ದ. ಅಳತೆ ಹೇಗೆ ತಗೊಂಡೆ ಎಂದು ರೇಗಿದರೆ, ಆತನಿಗೇ ಸಿಟ್ಟು.

“ಹಿರ್ಯಾರಿಗೆ ಧೋತರ ಬಿಚ್ಚರಿ ಅಂತ ಹೆಂಗ ಅನ್ಲೆರಿ? ಅವರೂ ಬಿಚ್ಚಲಿಲ್ಲ, ನಾನೂ ಕೇಳಲಿಲ್ಲ. ಮ್ಯಾಲಿಂದನ ಟೇಪ್‌ ಹಿಡದೆ.”

ಧೋತರದ ಗಂಟು, ಮುಂದಿನ ನಿರಿಗೆ, ಹಿಂದಿನ ಕಚ್ಚೆ, ಎಲ್ಲವೂ ಅಳತೆಯಲ್ಲಿ ಸೇರಿಹೋಗಿದ್ದವು. ಮದುವೆಯಿಂದ ಬಂದು ಬಿಗಿ ಮಾಡಿಕೊಡುತ್ತೇನೆಂದು ಆತ ಬಸ್‌ ಸ್ಟ್ಯಾಂಡಿನ ಕಡೆ ನಡೆದ.

ದಾರಿ ತೋರಿಸಿದವಳು ಅವ್ವ.

“ಧೋತರದ ಮ್ಯಾಲ ಅಳತಿ ಕೊಟ್ಟೀರಿ, ಧೋತರದ ಮ್ಯಾಲನ ಹಾಕ್ಕೋರಿ. ಅದರಾಗೇನು?”

ಅಪ್ಪ ಒಳಗೆ ಹೋಗಿ ಹಾಗೇ ಹಾಕಿಕೊಂಡು ಬಂದರು. ನಡು ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಕೂತಿತ್ತು. ಕಡ್ಡಿ ಕಾಲು ಮಾಯವಾಗಿ ಕಂಬಗಳು ಬಂದಿದ್ದವು. ನಿಂತರೆ ಯಾರೋ ದೊಡ್ಡ ಅಧಿಕಾರಿ, ನಡೆದರೆ ಮಾತ್ರ ಬಾತುಕೋಳಿ. ಬೆಳಿಗ್ಗೆ ಹೊರಡುವಾಗ, ಪ್ಯಾಂಟಿಗೆ ಟೊಪ್ಪಿಗೆ ಒಪ್ಪುವುದಿಲ್ಲವೆಂದು ತಾವೇ ಅದನ್ನು ಗೂಟಕ್ಕೆ ಹಾಕಿದರು. ಬಸ್ಸಿನ ಮೆಟ್ಟಿಲಿಗೆ ಕಾಲು ಏಳಲಿಲ್ಲ. ಕಂಬಿ ಹಿಡಿದು ಮೈಯನ್ನೇ ಮೇಲೆಳೆದುಕೊಂಡರು. ಇಡೀ ದಿನ ನನ್ನ ಜೀವ ಶಿರಹಟ್ಟಿಯಲ್ಲೇ ಇತ್ತು.

ಸಂಜೆ ಅಪ್ಪ ಬಂದವರೇ ಒಳಗೆ ಹೋಗಿ, ಪ್ಯಾಂಟು ತೆಗೆದಿಟ್ಟು ಧೋತರದಲ್ಲಿ ಬಂದು ಕೂತರು. ಧೋತರವೆಲ್ಲ ಮುದುಡಿ ಹೋಗಿತ್ತು. ಅವ್ವ ನೀರು ತಂದುಕೊಟ್ಟು ಕೇಳಿದಳು:

“ಯಾರರ ನಕ್ಕರೇನ್ರಿ?”

“ಇಲ್ಲ. ಯಾರೂ ನಗಲಿಲ್ಲ.”

ನನಗೆ ಉಸಿರು ಬಂದಂತಾಯಿತು. ಅಪ್ಪ ನೀರು ಕುಡಿದು ತಂಬಿಗೆ ಕೆಳಗಿಟ್ಟರು. ಬಂದಿದ್ದ ದೊಡ್ಡ ಸಾಹೇಬರು ಎಷ್ಟೋ ವರ್ಷಗಳ ಹಿಂದೆ ಹೊಸದಾಗಿ ನೌಕರಿಗೆ ಸೇರಿದ್ದಾಗ ಇದೇ ಕಚೇರಿಯಲ್ಲಿ ಅಪ್ಪನ ಪಕ್ಕ ಕೂತು ಕೆಲಸ ಕಲಿತವರಂತೆ. ಬರುವವರು ಅವರೇ ಎಂದು ಅಪ್ಪನಿಗೆ ಮೊದಲು ಗೊತ್ತಿರಲಿಲ್ಲ. ಒಬ್ಬೊಬ್ಬರ ಟೇಬಲ್ಲಿಗೂ ಬಂದ ಹಾಗೆ ಅಪ್ಪನ ಟೇಬಲ್ಲಿಗೂ ಬಂದರು, ನಮಸ್ಕಾರ ಮಾಡಿದರು, ಮುಂದೆ ಹೋದರು. ಹೋದವರು ತಿರುಗಿ ನಿಂತು ಅಪ್ಪನನ್ನೇ ಕೇಳಿದರಂತೆ: “ಇಲ್ಲೆ ಧೋತರದ ಯಜಮಾನ್ರು ಒಬ್ರು ಇದ್ರಲ್ಲ, ಎಲ್ಲಿ ಕಾಣವಲ್ರು? ನನಗ ಕೆಲಸ ಕಲಿಸಿದವ್ರು ಅವ್ರು.”

“ನಾನ ಅಂತ ಹೇಳಬೇಕಿಲ್ಲೇನ್ರಿ?” ಎಂದಳು ಅವ್ವ.

“ಆ ಅವತಾರದಾಗ ಹೆಂಗ ಹೇಳ್ಲಿ? ರಿಟೈರ್‌ ಆದ್ರು ಸಾಹೇಬ್ರ, ಅಂದೆ.”

ಅಪ್ಪ ಧೋತರದ ಮುದುಡುಗಳನ್ನು ಅಂಗೈಯಿಂದ ತೀಡುತ್ತ ಕೂತರು.

“ಆರಾಮ ಅದಾರಿಲ್ಲೋ, ಅಂತ ಕೇಳಿದ್ರು.”

“ನೀವೇನಂದ್ರಿ?”

“ಆರಾಮ ಅದಾರ, ಅಂದೆ.”