ನಾಯಿಗೊಂದು ರಜೆ

ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದ ಅವಳಿಗೆ ಕಣ್ಣು ಕಾಣದು. ಆದರೂ ಬೆಳಗ್ಗೆ ಎಲ್ಲರಿಗಿಂತ ಮೊದಲೆದ್ದು ಮನೆಯವರ ಪಿಕ್ನಿಕ್ಕಿಗೆ ಒಂಬತ್ತು ಜನರ ಬುತ್ತಿ ಕಟ್ಟಿದ್ದಳು. ಕೆರೆಯ ನೀರಿಗೊಮ್ಮೆ ಕಾಲಿಡಬೇಕೆಂಬುದೊಂದೇ ಅವಳ ಆಸೆ.

ಕೆರೆಯ ದಂಡೆಯಲ್ಲಿ ಚಾಪೆ ಹಾಸುವಷ್ಟರಲ್ಲಿ ನಾದಿನಿ, ದಾರಿ ತೋರುವ ನಾಯಿಯ ಬೆನ್ನಪಟ್ಟಿ ಬಿಚ್ಚಿದಳು. "ಪಾಪ, ವರ್ಷವಿಡೀ ದುಡಿಯುತ್ತೆ. ಅದಕ್ಕೂ ರಜೆ ಬೇಡ್ವಾ ಅತ್ತಿಗೆ? ನೀವು ಚೀಲ ಕಾಯ್ತಾ ಇರಿ."

"ಕುರುಡಿಯನ್ನ ಕಾವಲಿಗೆ ಕೂರಿಸ್ತೀಯಾ? ಭೇಷ್!" ಎಂದ ಮೈದುನ.

ಎಲ್ಲರೂ ನಕ್ಕು, ನಾಯಿಯನ್ನೂ ಕರೆದುಕೊಂಡು ನೀರಿನ ಕಡೆ ಓಡಿದರು. ಗಂಡನೂ ಹೋದ.

ಬೆನ್ನಿಗಿದ್ದ ಬಿಸಿಲು ಮುಖಕ್ಕೆ ಬಂದಾಗ ಮರಳಿ, ಬುತ್ತಿ ಉಂಡರು. "ಹೊರಡೋ ಹೊತ್ತಾಯ್ತು, ಬೇಗ ಡಬ್ಬಿ ಕಟ್ಟು," ಎಂದ ಗಂಡ.

ಅವಳು ಕೈಯಿಂದ ತಡಕಿ, ಒದ್ದೆ ನಾಯಿಗೆ ಪಟ್ಟಿ ಬಿಗಿದಳು. "ನೀವೇ ಕಟ್ಕೊಳ್ಳಿ."

ನೀರು ಪಾದಕ್ಕೆ ತಾಕುವ ಹೊತ್ತಿಗೆ ಹಿಂದೆ ಕಾರಿನ ಹಾರ್ನ್ ಎರಡು ಸಲ ಕೂಗಿತು. ಯಾರ ಹೆಜ್ಜೆಯ ಸದ್ದೂ ಹತ್ತಿರ ಬರಲಿಲ್ಲ.