ಬಾಯಲ್ಲೇ ಉಳಿದ ‘ಬಾ’

ನಿಂಗಿ, ನಿನ್ನ ಹೆತ್ತವ್ವ ಕಾವಲಿಗೆ ಹೋದ ದಿನ ನನಗೆ ‘ಬತ್ತೀನಿ’ ಅಂದಳು. ನಾನು ‘ಬಾ’ ಅನ್ನಲಿಲ್ಲ. ಅಂದೆ ಅಂತ ನಿನ್ನಪ್ಪನಿಗೆ ಹೇಳಿದ್ದು ಸುಳ್ಳು. ಊರಿಗೆ ಹೇಳಿದ್ದೂ ಸುಳ್ಳು. ನಿನಗೆ ಹೇಳಿದ್ದೂ—

ನಮ್ಮೂರಿನ ಕಟ್ಟಳೆ ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೀನಿ, ಬಾಗೂರಲ್ಲಿ ಬೆಳೆಯುತ್ತಿರುವ ನಿನ್ನ ಮಕ್ಕಳಿಗೂ ತಿಳಿಯಲಿ. ಬೇರೆ ಊರುಗಳಲ್ಲೂ ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು ಅನ್ನುತ್ತಾರೆ. ಅಲ್ಲಿ ಅದು ಬರೀ ಶಾಸ್ತ್ರ. ನಮ್ಮಲ್ಲಿ ಶಾಸ್ತ್ರವಲ್ಲ. ನುಗ್ಗೇಹಳ್ಳಿಯಲ್ಲಿ ಬಸ್ಸಿಳಿದು ನಡೆದರೆ ಕೊನೆಗೆ ಸಿಗುವ ಊರು ನಮ್ಮದು. ನಮ್ಮ ಹಿತ್ತಿಲ ಗಡಿಗಲ್ಲು ದಾಟಿದರೆ ಕಾವಲು, ಹುಲ್ಲು ಬಂಡೆಗಳ ಬೀಳು ನೆಲ. ಅಲ್ಲಿ ಬೆಳಗ್ಗೆ ಇದ್ದ ದಾರಿ ಸಂಜೆಗೆ ಇರುವುದಿಲ್ಲ. ಬಂಡೆಗಳು ಜಾಗ ಬದಲಿಸುತ್ತವೆ. ಒಳಗೆ ಹೋದ ಕುರಿ ಇನ್ಯಾರದೋ ಗಂಟೆ ಕಟ್ಟಿಕೊಂಡು ಈಚೆ ಬರುತ್ತದೆ. ಊರಿಗೆ ಮೊದಲ ಸಲ ಓಟಿನ ಪೆಟ್ಟಿಗೆ ಬಂದಿತ್ತಲ್ಲ, ಅದರ ಹಿಂದೆಯೇ ಅಳತೆಯವರೂ ಬಂದರು. ನಮ್ಮ ಮಾತಿಗೆ ನಕ್ಕು, ಗೌಡರಿಗೆ ‘ಬರ್ತೀವಿ’ ಅಂದು, ಅಳತೆ ಸರಪಳಿ ಎಳೆದುಕೊಂಡು ಒಳಗೆ ಹೋದರು. ಗೌಡರು ‘ಬನ್ನಿ ಸಾ’ ಅಂದಿದ್ದಕ್ಕೆ ಅವರು ತಿರುಗಿ ಬಂದರು. ಸರಪಳಿಗೆ ಯಾರೂ ಹೇಳಿರಲಿಲ್ಲ, ಅದು ಅಲ್ಲೇ ಉಳಿಯಿತು.

ಹೋಗುವವರು ಗಡಿಗಲ್ಲಿನ ಹತ್ತಿರ ನಿಂತು ಒಬ್ಬರಿಗೆ ‘ಬತ್ತೀನಿ’ ಅನ್ನಬೇಕು. ಯಾರಿಗೆ ಅಂದರೋ ಅವರೇ ‘ಬಾ’ ಅನ್ನಬೇಕು. ಅಂದರೆ ದಾರಿ ತೆರೆದಿರುತ್ತದೆ. ಇಷ್ಟೇ ಕಟ್ಟಳೆ. ಹಾಲು ಕುಡಿಯುವ ಮಗುವಿಗೂ ಗೊತ್ತು.

ನಿನ್ನವ್ವ ಕೆಂಪಿ ನನ್ನ ಓರಗಿತ್ತಿ. ನನ್ನ ಗಂಡ ಸತ್ತಿದ್ದ, ಮಕ್ಕಳಾಗಿರಲಿಲ್ಲ. ಅದು ಕಾರಣ ಅಂತ ಹೇಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೀನಿ. ಅವಳ ಎದೆಹಾಲು ಬತ್ತಿತ್ತು, ನಿನಗೆ ಹಸುವಿನ ಹಾಲೇ ಗತಿ. ನಿನ್ನಪ್ಪ ರಸ್ತೆ ಕೆಲಸಕ್ಕೆ ಹಾಸನದ ಕಡೆ ಹೋಗಿದ್ದ. ಅವತ್ತು ಮಧ್ಯಾಹ್ನ ಆ ಹಸು ಗಡಿಗಲ್ಲು ದಾಟಿ ಒಳಗೆ ಹೋಯಿತು. ಕೆಂಪಿ ಹಗ್ಗ ತಗೊಂಡು ಎದ್ದಳು. ನೀನು ನನ್ನ ತೊಡೆ ಮೇಲೆ ಮಲಗಿದ್ದೆ.

“ಲೇ ಕೆಂಪಿ, ಮಗ ಎದ್ರೆ ಏನ್ ಕೊಡ್ಲಿ?”

“ನಿನ್ ಸೆರಗ್ ಕೊಡಕ್ಕ, ಚೀಪ್ಕಂಡು ಬಿದ್ದಿರ್ತದೆ. ನಾನೆತ್ಕಂಡ್ರೆ ಕಚ್ತದೆ ಮುಂಡೇದು. ನೀನೇ ಮಡಿಕ್ಕಂಬುಡು!”

ತಮಾಷೆಗೆ ಅಂದದ್ದು. ನಗುತ್ತಲೇ ಕಲ್ಲಿನ ಹತ್ತಿರ ಹೋಗಿ ತಿರುಗಿ ನಿಂತಳು.

“ಬತ್ತೀನಿ ಕಣಕ್ಕ.”

ಅದೇ ಹೊತ್ತಿಗೆ ನೀನು ಕಣ್ಣು ಬಿಟ್ಟೆ. ನನ್ನ ಮುಖ ನೋಡಿ ‘ಅವ್ವ’ ಅಂದೆ. ಆ ತನಕ ನಿನಗೆ ಮಾತೇ ಬಂದಿರಲಿಲ್ಲ. ಮೊದಲ ಮಾತು, ಅದೂ ನನಗೆ— ಬಾಯಿಗೆ ಬಂದಿದ್ದ ‘ಬಾ’ ಅಲ್ಲೇ ನಿಂತಿತು. ಮರೆತೆ ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೀನಿ. ಮರೆತಿರಲಿಲ್ಲ. ಅವಳು ಕಾದಳು. ಸೆರಗು ಸರಿ ಮಾಡಿಕೊಳ್ಳುವಷ್ಟು ಹೊತ್ತು ಕಾದಳು. ಅಕ್ಕ ಅಂದಿರುತ್ತಾಳೆ, ಗಾಳಿಗೆ ಕೇಳಿಸಲಿಲ್ಲ ಅಂದುಕೊಂಡಳೋ ಏನೋ. ಅಷ್ಟು ನಂಬಿಕೆ ನನ್ನ ಮೇಲೆ. ಹೋದಳು.

ಹಸು ಸಂಜೆಗೆ ತಾನಾಗೇ ಬಂತು.

ನಿನ್ನಪ್ಪ ಊರಿಗೆ ಬಂದವನು ಚೀಲ ಕೂಡ ಇಳಿಸದೆ ಕೇಳಿದ, “ಅತ್ಗೇ, ಬಾ ಅಂದಿದ್ಯಾ?”

“ಅಂದೆ ಕಣಪ್ಪ.”

ಅವನು ಸಾಯುವ ತನಕ ಆ ಕಲ್ಲಿನ ಹತ್ತಿರ ನಿಂತು ‘ಬಾ, ಬಾ’ ಅಂತ ಕೂಗಿದ. ಅವಳು ಹೇಳಿ ಹೋಗಿದ್ದು ಅವನಿಗಲ್ಲವಲ್ಲ, ಅವನ ಕೂಗು ನಡೆಯಲಿಲ್ಲ. ಗಂಟಲು ಕಟ್ಟಿಕೊಂಡು ಒಳಗೆ ಬಂದವನಿಗೆ ನಾನು ಮುದ್ದೆ ಬಡಿಸುತ್ತಿದ್ದೆ.

ಇಷ್ಟೇ ಆಗಿದ್ದರೆ ಒಂದು ದಿನದ ತಪ್ಪು ಅನ್ನಬಹುದಿತ್ತು. ಇಷ್ಟೇ ಅಲ್ಲ. ಅವತ್ತಿನಿಂದ ದಿನಾ ದನ ಮನೆಗೆ ಬರುವ ಹೊತ್ತಿಗೆ ಅವಳು ಕಲ್ಲಿನ ಆಚೆಯಿಂದ ಕೇಳುತ್ತಾಳೆ— ‘ಅಕ್ಕಾ, ಬತ್ತೀನಿ ಕಣಕ್ಕ.’ ಅದೇ ದನಿ, ಅದೇ ನಗು, ವಯಸ್ಸೇ ಆಗಿಲ್ಲ. ನನಗೊಬ್ಬಳಿಗೇ ಕೇಳಿಸುವುದು. ಯಾವತ್ತು ಬೇಕಾದರೂ ‘ಬಾ’ ಅನ್ನಬಹುದಿತ್ತು. ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ, ನೆನಪಿದೆಯಾ?

“ಮಡಕೆ ತುಂಬಾ ಹಿಟ್ಟೈತೆ, ಸಂಜೆ ಆಗುತ್ಲೂ ಯಾಕವ್ವ ರಾಗಿ ಬೀಸ್ತೀಯ?”

“ಹಳೇ ಹಿಟ್ಟಿಗೆ ಹುಳ ಬೀಳ್ತದೆ ಕಣೆ. ಸುಮ್ಕೆ ಕಲ್ಲಿಗೆ ಕೈ ಹಾಕು.”

ಹುಳ ಇರಲಿಲ್ಲ ಮಗ. ಬೀಸುವ ಕಲ್ಲಿನ ಸದ್ದಿಗೆ ಅವಳ ದನಿ ಮುಚ್ಚಲಿ ಅಂತ. ಅವಳು ಬಂದರೆ ನೀನು ನನಗೆ ದೊಡ್ಡವ್ವ ಅನ್ನಬೇಕಾಗಿತ್ತು. ಆ ಕಲ್ಲನ್ನು ನಿನ್ನ ಕೈಲೂ ಬೀಸಿಸಿದೆ. ನಿನ್ನ ಕೈಯಿಂದಲೇ ನಿನ್ನವ್ವನ ದನಿ—

ನೀನು ಸ್ಕೂಲಿಂದ ಬಂದು, ಸ್ಲೇಟು ನನ್ನ ಮಡಿಲಲ್ಲಿಟ್ಟು ಕಲಿಸಿದ ಅಕ್ಷರ ಇದು. ಎಲ್ಲ ತಿದ್ದಿದರೂ ‘ಬ’ಗೆ ದೀರ್ಘ ಕೊಡುವುದು ಮಾತ್ರ ಅವ್ವನಿಗೆ ಬರಲ್ಲ ಅಂತ ನಗುತ್ತಿದ್ದೆ. ನನ್ನ ಕೈ ಹಿಡಿದು ತಿದ್ದಿಸುತ್ತಿದ್ದೆ. ಬರುತ್ತಿತ್ತು ಕಣವ್ವ. ಬರೆಯುವುದಕ್ಕೆ ಹೆದರುತ್ತಿದ್ದೆ.

ಈಗೀಗ ದನಿ ಸಣ್ಣಗಾಗಿದೆ. ‘ಅಕ್ಕಾ’ ಅನ್ನುವುದು ಕೇಳಿಸುತ್ತಿಲ್ಲ, ಬರೀ ‘ಬತ್ತೀನಿ’. ಅದೂ ನಿಂತರೆ ಮುಗಿಯಿತು. ತಡವಾಗಿ ಅಂದ ‘ಬಾ’ಗೆ ದಾರಿ ತಾನಾಗಿ ತೆರೆಯುವುದಿಲ್ಲ, ಅಂದವರೇ ಒಳಗೆ ಹೋಗಿ ಕೈಹಿಡಿದು ಈಚೆ ಕಳಿಸಬೇಕು ಅಂತ ನಮ್ಮತ್ತೆ ಹೇಳುತ್ತಿದ್ದಳು. ಅದೂ ನನಗೆ ಮೊದಲಿನಿಂದ ಗೊತ್ತಿತ್ತು.

ಗೌರಿ ಹಬ್ಬಕ್ಕೆ ನೀನು ಬರುತ್ತೀಯ. ಯಾವತ್ತೂ ನಿನ್ನನ್ನು ಹಿತ್ತಿಲ ಕಡೆ ಬಿಟ್ಟವಳಲ್ಲ, ಈ ಸಲ ನಾನೇ ಕರೆದುಕೊಂಡು ಹೋಗುತ್ತೀನಿ. ‘ಬಾ’ ಅಂದು ನಾನು ಕಳಿಸಿದ ಕೆಂಪಿ ಈಚೆ ಬಂದರೆ ನಿನಗಿಂತ ಚಿಕ್ಕವಳಿರುತ್ತಾಳೆ, ಹೆದರಬೇಡ. ಮಗು ಎಲ್ಲಿ ಅಂತ ಹುಡುಕುತ್ತಾಳೆ. ನಾನೇ ಅಂತ ಹೇಳು. ಮೊದಲು ಒಂದು ಲೋಟ ಹಾಲು ಕೊಡು, ಹಸು ಹುಡುಕಿಕೊಂಡು ಹೋದವಳು ಅವಳು. ನಾನು ಮಾಡಿದ್ದನ್ನು ಅಷ್ಟರಲ್ಲಿ ನಾನೇ ಅವಳಿಗೆ ಹೇಳಿರುತ್ತೀನಿ.

ಕಲ್ಲಿನ ಹತ್ತಿರ ನಿಂತು ನಿನಗೆ ‘ಬತ್ತೀನಿ ಕಣವ್ವ’ ಅಂತೀನಿ. ಅವಳ ‘ಬಾ’ ನನ್ನ ಬಾಯಲ್ಲಿತ್ತು. ನನ್ನದು ನಿನ್ನ ಬಾಯಲ್ಲಿರುತ್ತದೆ. ಅನ್ನು ಅಂತ ಕೇಳುವುದಿಲ್ಲ. ಸೆರಗು ಸರಿ ಮಾಡಿಕೊಳ್ಳುವಷ್ಟು ಹೊತ್ತು ನಿಲ್ಲುತ್ತೀನಿ. ಆಮೇಲೆ ಹೋಗುತ್ತೀನಿ.